ಅಪ್ಪ-ಅಮ್ಮನೊಂದಿಗೆ ಫೋರ್ಟ್ ಮೇಕನ್: ಹೋಗಿ ಬಂದವರು ದಯವಿಟ್ಟು ಅನುಭವ ತಿಳಿಸಿ

ಕ್ಯಾರಿಗೆ ಹೊಸಬಳು:
ಎಲ್ಲರಿಗೂ ನಮಸ್ಕಾರ. ನಾವು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿದ್ದೇವೆ. ಹಾಸನದಿಂದ ಬಂದಿರುವ ಅಪ್ಪ-ಅಮ್ಮ ಜುಲೈ ಕೊನೆಗೆ ಊರಿಗೆ ಹೊರಡುತ್ತಾರೆ. ಅಷ್ಟರೊಳಗೆ ಅಮ್ಮನಿಗೆ ಸಮುದ್ರವನ್ನೂ, ಇತಿಹಾಸದ ಮೇಷ್ಟ್ರಾಗಿದ್ದ ಅಪ್ಪನಿಗೆ ಒಂದು ಕೋಟೆಯನ್ನೂ ತೋರಿಸೋಣವೆಂದು ಅಟ್ಲಾಂಟಿಕ್ ಬೀಚ್‌ನ ಫೋರ್ಟ್ ಮೇಕನ್ ಸ್ಟೇಟ್ ಪಾರ್ಕಿಗೆ ಹೋಗುವ ಯೋಚನೆಯಿದೆ. ಅಪ್ಪನಿಗೆ ಮೊಣಕಾಲು ನೋವು. ಸಮತಟ್ಟಾದ ಜಾಗದಲ್ಲಿ ಅರ್ಧ ಗಂಟೆ ನಡೆಯುತ್ತಾರೆ, ಮೆಟ್ಟಿಲು ಮಾತ್ರ ಆಗದು. ಮೆಟ್ಟಿಲು ಹತ್ತದೆ ಕೋಟೆಯಲ್ಲಿ ಎಷ್ಟು ನೋಡಬಹುದು? ಒಂದೇ ದಿನದಲ್ಲಿ ಹೋಗಿ ಬರುವುದು ಸರಿಯೇ?

ಮಾರಿಸ್‌ವಿಲ್ ಗೃಹಸ್ಥ:
ಒಂದೇ ದಿನದಲ್ಲಿ ಹೋಗಿ ಬರುವ ಮಾತನ್ನು ದಯವಿಟ್ಟು ಮರೆತುಬಿಡಿ. ಕಳೆದ ಬೇಸಿಗೆಯಲ್ಲಿ ನಾನೂ ನಿಮ್ಮಂತೆಯೇ ಲೆಕ್ಕ ಹಾಕಿ, ಮೂರು ಗಂಟೆಯ ದಾರಿಯೆಂದು ನಂಬಿ, ಶನಿವಾರ ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟೆ. ವಾರದ ಬಾಡಿಗೆ ಮನೆಗಳಿಂದ ಹಳಬರು ಹೊರಬಿದ್ದು ಹೊಸಬರು ಒಳಬರುವುದು ಶನಿವಾರವೇ ಎಂಬುದನ್ನು ನನಗೆ ಹೇಳಿದವರಿಲ್ಲ. ಹ್ಯಾವ್‌ಲಾಕ್ ದಾಟಿದ ಮೇಲೆ ಕಾರು ಆಮೆಯ ಹಾಗೆ ತೆವಳಿತು. ಮೋರ್‌ಹೆಡ್ ಸಿಟಿಯಿಂದ ಕೋಟೆಯಿರುವ ದ್ವೀಪಕ್ಕೆ ಹೋಗುವ ಸೇತುವೆಯ ಮೇಲೆ ನಿಂತು ನಾನು ಸಮುದ್ರವನ್ನು ನೋಡಿದ್ದಕ್ಕಿಂತ ಮುಂದಿನ ಟ್ರಕ್ಕಿನ ಹಿಂಬದಿಯನ್ನು ನೋಡಿದ್ದೇ ಹೆಚ್ಚು. ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಪಾರ್ಕ್ ಸೇರಿದೆವು. ನಾಲ್ಕಕ್ಕೆ ಗುಡುಗು ಮಳೆ ಶುರುವಾಯಿತು. ಮಕ್ಕಳು ನೆನೆದರು, ಮಾವನವರಿಗೆ ಚಳಿ ಹತ್ತಿತು, ಆ ಮಳೆಯಲ್ಲಿ ರಾತ್ರಿ ಹಿಂದಿರುಗುವುದು ಬೇಡವೆಂದು ಮನೆಯವರು ಹಟ ಹಿಡಿದರು.

ಸಿಕ್ಕ ಒಂದೇ ಕೋಣೆಗೆ 389 ಡಾಲರ್, ತೆರಿಗೆ 50.57, ರಾತ್ರಿಯೂಟಕ್ಕೆ 96.40, ಅದರಲ್ಲಿ ಮಾವನವರು ತಿಂದದ್ದು ಬರೀ ಬ್ರೆಡ್ಡು; ಉಟ್ಟ ಬಟ್ಟೆಯಲ್ಲಿ ಬಂದವರಿಗೆ ಒಣಬಟ್ಟೆ ಮತ್ತು ಹಲ್ಲುಜ್ಜುವ ಬ್ರಷ್ಷಿಗೆ 57.03, ಪೆಟ್ರೋಲಿಗೆ 48. ಪ್ರವೇಶ ಶುಲ್ಕವೇ ಇಲ್ಲದ ಜಾಗವನ್ನು ನೋಡಲು ಹೋಗಿ ಒಟ್ಟು 641 ಡಾಲರ್ ತೆತ್ತು ಬಂದೆ. ರಸೀದಿಗಳು ಇಂದಿಗೂ ನನ್ನ ಮೇಜಿನ ಡ್ರಾಯರ್‌ನಲ್ಲಿವೆ.

ವಿಲ್ಮಿಂಗ್ಟನ್ ಕನ್ನಡಿಗ:
ಫೋರ್ಟ್ ಮೇಕನ್ನಿಗೆ ಏಕೆ ಹೋಗುತ್ತೀರಿ? ಐ-40 ಹೆದ್ದಾರಿ ಹಿಡಿದು ನೇರ ಇಲ್ಲಿಗೆ ಬಂದರೆ ಕೂರೀ ಬೀಚ್ ಪಕ್ಕದಲ್ಲೇ ಫೋರ್ಟ್ ಫಿಷರ್ ಇದೆ. ನಾನು ಹನ್ನೊಂದು ವರ್ಷಗಳಲ್ಲಿ ಊರಿನಿಂದ ಬಂದ ಬಂಧುಗಳನ್ನೆಲ್ಲ ಅಲ್ಲಿಗೇ ಕರೆದೊಯ್ದಿದ್ದೇನೆ, ಯಾರೂ ಬೇಸರಪಟ್ಟಿಲ್ಲ. ಇತಿಹಾಸದ ಮೇಷ್ಟ್ರಿಗೆ ತೋರಿಸಬೇಕಾದದ್ದು ಅದೇ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರ ಒಕ್ಕೂಟ ಸೇನೆ 1864ರ ಡಿಸೆಂಬರ್‌ನಲ್ಲಿ ಅದರ ಮೇಲೆ ದಾಳಿಯಿಟ್ಟು ಬರಿಗೈಯಲ್ಲಿ ಮರಳಿತು. 1865ರ ಜನವರಿಯಲ್ಲಿ ಮತ್ತೆ ಬಂದು ಗೆದ್ದ ಮೇಲೆಯೇ ದಕ್ಷಿಣದವರ ವಿಲ್ಮಿಂಗ್ಟನ್ ಬಂದರಿನ ಬಾಗಿಲು ಮುಚ್ಚಿತು. ಫೋರ್ಟ್ ಮೇಕನ್ನಿನ ಇಟ್ಟಿಗೆ ಗೋಡೆಯಾದರೋ 1862ರಲ್ಲಿ ಒಂದು ಹಗಲಿನ ಗುಂಡಿನ ಸುರಿಮಳೆಗೇ ಸೋತಿತು.

ಸಕಲೇಶಪುರದವನು:
ಮೇಲಿನ ಮಹನೀಯರು ಫೋರ್ಟ್ ಫಿಷರ್‌ನ ಬಹುಭಾಗವನ್ನು ಕಡಲು ನುಂಗಿಹಾಕಿದೆ, ಉಳಿದಿರುವುದು ಹುಲ್ಲು ಬೆಳೆದ ಮಣ್ಣಿನ ದಿಬ್ಬಗಳು ಎಂಬುದನ್ನು ಹೇಳಲು ಮರೆತಿದ್ದಾರೆ. ನಾನು ಅಲ್ಲಿಗೂ ಹೋಗಿದ್ದೇನೆ. "ಕೋಟೆ ಎಲ್ಲಿದೆ ಮಗಾ?" ಎಂದು ನನ್ನ ತಂದೆ ಎರಡು ಸಲ ಕೇಳಿದರು.

ಫೋರ್ಟ್ ಮೇಕನ್ನಿನಲ್ಲಿ ಹಾಗೆ ಕೇಳಬೇಕಾಗಿಲ್ಲ, ಆದರೆ ಮೊದಲ ಐದು ನಿಮಿಷ ಅಲ್ಲಿಯೂ ಮೋಸಹೋಗುತ್ತೀರಿ. ದೂರದಿಂದ ಕಾಣುವುದು ಒಂದು ಹಸಿರು ಗುಡ್ಡೆ ಮಾತ್ರ. ಹತ್ತಿರ ಹೋದಾಗಲೇ ನೆಲ ಬಾಯಿ ತೆರೆದಂತೆ ಕಂದಕ, ಅದರ ಮೇಲೊಂದು ಸೇತುವೆ, ಆಚೆ ಇಟ್ಟಿಗೆಯ ಗೋಡೆ. ಹಡಗಿನಿಂದ ಗುಂಡು ಹಾರಿಸುವವನಿಗೆ ಗುರಿ ಸಿಗಬಾರದೆಂದೇ ಹೀಗೆ ತಗ್ಗಿಸಿ ಕಟ್ಟಿದ್ದಾರೆ. ನಮ್ಮ ಮಂಜರಾಬಾದಿಗೆ ಎಂಟು ಮೂಲೆ, ಇದಕ್ಕೆ ಐದು. ಒಳಗೆ ನಡುವೆ ಅಂಗಳ, ಸುತ್ತ 26 ಕಮಾನು ಕೋಣೆಗಳು. ಹೊರಗೆ ತಲೆ ಸುಡುವ ಮಧ್ಯಾಹ್ನದಲ್ಲೂ ಆ ಕೋಣೆಗಳೊಳಗೆ ಕೈಯಿಟ್ಟರೆ ಇಟ್ಟಿಗೆ ಒದ್ದೆಯೇನೋ ಎನ್ನುವಷ್ಟು ತಣ್ಣಗಿರುತ್ತದೆ. ನಮ್ಮ ತಂದೆ ಮಂಜರಾಬಾದಿನ ಮದ್ದಿನ ಮನೆಯ ನೆನಪಾಯಿತೆಂದು ಒಂದು ಮೂಲೆಯಲ್ಲಿ ಅರ್ಧ ಗಂಟೆ ನಿಂತೇಬಿಟ್ಟರು.

ಸೋತದ್ದರ ಬಗ್ಗೆಯೂ ಹೇಳಿಬಿಡುತ್ತೇನೆ. ಈ ಕೋಟೆಯನ್ನು 1826ರಿಂದ 1834ರವರೆಗೆ ಕಟ್ಟಿದಾಗ ಒಳಮೈ ನುಣುಪಾದ ಕೊಳವೆಯ ಫಿರಂಗಿಗಳೇ ಇದ್ದವು. 1862ರ ಏಪ್ರಿಲ್ 25ರಂದು ಒಕ್ಕೂಟದವರು ಒಳಗೆ ಸುರುಳಿ ಗೀರುಗಳಿದ್ದ ಹೊಸ ಫಿರಂಗಿಗಳನ್ನು ತಂದು, ಅದೂ ದ್ವೀಪದ ನೆಲದ ಕಡೆಯಿಂದ, ಹೊಡೆದರು. ಮದ್ದಿನ ಮನೆಯ ಕಡೆಗೆ ಗೋಡೆ ಬಿರಿಯತೊಡಗಿದಾಗ ಒಳಗಿದ್ದ ಸುಮಾರು 400 ಜನರನ್ನು ಉಳಿಸಲು ಕರ್ನಲ್ ವೈಟ್ ಮರುದಿನ ಕೋಟೆಯನ್ನು ಒಪ್ಪಿಸಿದ. ಅದಕ್ಕೆ ಎರಡು ವಾರ ಮೊದಲು ಜಾರ್ಜಿಯಾದ ಫೋರ್ಟ್ ಪುಲಾಸ್ಕಿಗೂ ಇದೇ ಗತಿಯಾಗಿತ್ತು. ಇಟ್ಟಿಗೆ ಕೋಟೆಗಳ ಕಾಲವೇ ಮುಗಿದಿತ್ತು. ಅದನ್ನು ಸೋಲು ಎಂದು ಹಂಗಿಸುವುದು ಅರೆಜ್ಞಾನ.

ವಿಲ್ಮಿಂಗ್ಟನ್ ಕನ್ನಡಿಗ:
ನಾನು ಹೇಳಿದ್ದನ್ನೇ ಉದ್ದವಾಗಿ ಹೇಳಿ ನನ್ನನ್ನು ಅರೆಜ್ಞಾನಿ ಎನ್ನುತ್ತಿದ್ದೀರಿ. ಇಟ್ಟಿಗೆ ಸಿಡಿಯುತ್ತದೆ, ಮರಳು ಗುಂಡನ್ನು ನುಂಗುತ್ತದೆ. ಅದಕ್ಕಾಗಿಯೇ ಫೋರ್ಟ್ ಫಿಷರನ್ನು ಮಣ್ಣು ಮರಳಿನಿಂದ ಕಟ್ಟಿದರು. ನಿಮ್ಮ ತಂದೆಯವರಿಗೆ ದಿಬ್ಬ ಕಂಡರೆ ಅದು ದಿಬ್ಬದ ತಪ್ಪಲ್ಲ, ಪಕ್ಕದಲ್ಲಿದ್ದು ವಿವರಿಸದವರ ತಪ್ಪು.

ಏಪೆಕ್ಸ್ ಸೊಸೆ:
ಕೋಟೆಗಳ ಜಗಳ ಹಾಗಿರಲಿ, ಸಮುದ್ರದ ವಿಷಯವನ್ನು ಯಾರೂ ಎತ್ತಲಿಲ್ಲವಲ್ಲ. ಎರಡು ವರ್ಷದ ಹಿಂದೆ ನಮ್ಮ ಅತ್ತೆಯವರನ್ನು ಅಲ್ಲಿಗೆ ಕರೆದೊಯ್ದಿದ್ದೆ. ಕೋಟೆ ನೋಡಿದ ಮೇಲೆ ಇನ್‌ಲೆಟ್, ಅಂದರೆ ಸಮುದ್ರ ಒಳಗೆ ನುಗ್ಗುವ ಇಕ್ಕಟ್ಟಾದ ಬಾಯಿ, ಅದರ ಕಡೆಯ ದಂಡೆಗೆ ಹೋದೆವು. ಅಲ್ಲಿ ಮೀನು ಹಿಡಿಯುವವರು ಸಾಲಾಗಿ ನಿಂತಿದ್ದರು, ಆಚೆ ದೋಣಿಗಳು ಹೋಗುತ್ತಿದ್ದವು, ನೀರು ಶಾಂತವಾಗಿಯೇ ಕಂಡಿತು. ಅತ್ತೆ ಕಾಲು ನೆನೆಸುತ್ತೇನೆಂದು ಕಣಕಾಲು ಮುಳುಗುವಷ್ಟು ನೀರಿಗಿಳಿದರು. ಹಿಂದಕ್ಕೆ ಎಳೆಯುವ ನೀರು ಕಾಲ ಕೆಳಗಿನ ಮರಳನ್ನು ಕಿತ್ತುಕೊಂಡಿತು, ಅಷ್ಟರಲ್ಲಿ ಇನ್ನೊಂದು ಅಲೆ ಬಂದಿತು. ಆರು ಗಜದ ಹತ್ತಿ ಸೀರೆ ನೀರು ಕುಡಿದರೆ ಎಷ್ಟು ಭಾರವಾಗುತ್ತದೆಂಬುದನ್ನು ಅಂದು ಕಂಡೆ: ಇಬ್ಬರು ಎತ್ತಿದರೂ ಅವರು ಏಳಲಾರದೆ ಹೋದರು. ಊರಿದ ಬಲಗೈಯ ಮಣಿಕಟ್ಟು ಮುರಿಯಿತು.

ಕ್ಷಕಿರಣ, ಕಟ್ಟು, ವೈದ್ಯರ ಶುಲ್ಕ ಸೇರಿ 1,840 ಡಾಲರ್. ಭೇಟಿಗೆ ಬಂದವರ ವಿಮೆ ಇತ್ತು. ಆದರೆ ಮೊದಲ 500 ನಮ್ಮದೇ, ಉಳಿದದ್ದರಲ್ಲೂ ಶೇಕಡ 20 ನಮ್ಮದು. ಲೆಕ್ಕ ಹಾಕಿಕೊಳ್ಳಿ, 768 ಡಾಲರ್ ಹೋಯಿತು, ಏಳು ತಿಂಗಳ ಪತ್ರವ್ಯವಹಾರ ಬೇರೆ. ಅತ್ತೆಗೆ ಬಲಗೈಯಲ್ಲಿ ಊಟ ಮಾಡಲಾಗದೆ ಒಂದೂವರೆ ತಿಂಗಳು ಚಮಚ ಹಿಡಿಸಿದೆ. "ನೀನು ಕರೆದುಕೊಂಡು ಹೋಗದಿದ್ದರೆ" ಎಂಬ ಮಾತನ್ನು ಎಷ್ಟು ಸಲ ಕೇಳಿದೆನೆಂದು ಲೆಕ್ಕವಿಟ್ಟಿಲ್ಲ. ಮರಳಿನ ಗುಡ್ಡೆಗಳ ಬಳಿ ಬರಿಗಾಲಲ್ಲಿ ನಡೆಯಬೇಡಿ. ಅಲ್ಲಿನ ಹುಲ್ಲಿನ ಮುಳ್ಳಿನ ಕಾಯಿ ಸೀರೆಯಂಚಿಗೆ ಅಂಟಿದರೆ ಕಿತ್ತು ತೆಗೆಯುವಾಗ ಬೆರಳೇ ಹರಿಯುತ್ತದೆ.

ಮಾರಿಸ್‌ವಿಲ್ ಗೃಹಸ್ಥ:
ಅಮ್ಮಾ, ಸೀರೆಯುಟ್ಟ ಹಿರಿಯರನ್ನು ಇನ್‌ಲೆಟ್ ಬಳಿ ನೀರಿಗಿಳಿಸಿದವರು ನೀವೇ ಅಲ್ಲವೇ? ಈಜುವವರಿಗೆ ಬೇರೆಯೇ ದಂಡೆ, ಬಟ್ಟೆ ಬದಲಿಸುವ ಕೋಣೆ ಎಲ್ಲವೂ ಪಾರ್ಕಿನಲ್ಲಿವೆ.

ಏಪೆಕ್ಸ್ ಸೊಸೆ:
ಜುಲೈ ಶನಿವಾರ ಎಂಟೂವರೆಗೆ ಹೊರಟು, ಬದಲಿ ಬಟ್ಟೆಯನ್ನೂ ಬುತ್ತಿಯನ್ನೂ ಒಯ್ಯದೆ, ಮಳೆಯನ್ನು ದೂರುವವರಿಂದ ನಾನು ಬುದ್ಧಿ ಹೇಳಿಸಿಕೊಳ್ಳಬೇಕಾಗಿಲ್ಲ. ನಾವು ಐದೂವರೆಗೆ ಹೊರಟು, ಕೋಟೆಯ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿದ್ದೆವು. ಚಿತ್ರಾನ್ನ, ಮೊಸರನ್ನ, ಮಜ್ಜಿಗೆ ಮೆಣಸಿನಕಾಯಿ ಒಯ್ದಿದ್ದೆವು. ಅತ್ತೆಯ ಕೈಯೊಂದು ಬಿಟ್ಟರೆ ಆ ದಿನದಲ್ಲಿ ಕೊರತೆಯಿರಲಿಲ್ಲ.

ಸಕಲೇಶಪುರದವನು:
ವಿಲ್ಮಿಂಗ್ಟನ್ನಿನವರಿಗೆ ಒಂದೇ ಮಾತು. ಮರಳು ಗುಂಡನ್ನು ನುಂಗಿತು, ನಿಜ. ಆಮೇಲೆ ಸಮುದ್ರ ಆ ಮರಳನ್ನೇ ನುಂಗಿತು. ಫೋರ್ಟ್ ಮೇಕನ್ ಇಂದಿಗೂ ನಿಂತಿದ್ದರೆ ಅದಕ್ಕೆ ಕಾರಣವಿದೆ. ದಂಡೆ ಕೊರೆದುಹೋಗದಂತೆ ಕಲ್ಲಿನ ತಡೆಗಳನ್ನು ಹಾಕುವ ಯೋಜನೆಯನ್ನು 1840ರ ದಶಕದಲ್ಲಿಯೇ ಸೇನೆಯ ಇಂಜಿನಿಯರ್ ಒಬ್ಬ ರೂಪಿಸಿದ. ಮುಂದೆ ದಕ್ಷಿಣದವರ ಸೇನಾಪತಿಯಾದ ರಾಬರ್ಟ್ ಲೀ ಅವನೇ. ಅವನು ಯಾವ ಪಕ್ಷದ ಪರ ಯುದ್ಧ ಮಾಡಿದನೆಂಬುದನ್ನು ನಾನು ಮೆಚ್ಚುವುದಿಲ್ಲ, ಕಲ್ಲು ಜೋಡಿಸಿದ್ದನ್ನು ಮೆಚ್ಚುತ್ತೇನೆ. 1924ರಲ್ಲಿ ರಾಜ್ಯಕ್ಕೆ ಈ ಕೋಟೆ ಒಂದು ಡಾಲರಿಗೆ ಸಿಕ್ಕಿತು. ಮಾರಿಸ್‌ವಿಲ್‌ನವರು ಒಂದು ರಾತ್ರಿಗೆ ಕೊಟ್ಟದ್ದು 389.

ಕ್ಯಾರಿಗೆ ಹೊಸಬಳು:
ಎಲ್ಲರಿಗೂ ಧನ್ಯವಾದಗಳು. ಶನಿವಾರ ಬಿಟ್ಟು ಮಂಗಳವಾರ ಐದೂವರೆಗೆ ಹೊರಡುತ್ತೇವೆ, ಅಮ್ಮನಿಗೆ ಚೂಡಿದಾರ್ ಹಾಕಿಸುತ್ತೇನೆ, ಇನ್‌ಲೆಟ್ ಕಡೆ ಹೋಗುವುದಿಲ್ಲ. ಅಪ್ಪನ ಮೊಣಕಾಲಿನ ಬಗ್ಗೆ ಯಾರಾದರೂ ಹೇಳುವಿರಾ?

ಸಕಲೇಶಪುರದವನು:
ಕ್ಷಮಿಸಿ, ಮರೆತೇಬಿಟ್ಟೆ. ಸಂದರ್ಶಕರ ಕೇಂದ್ರ, ಸೇತುವೆ, ಅಂಗಳ, ಸುತ್ತಲಿನ ಕಮಾನು ಕೋಣೆಗಳು, ಇವಿಷ್ಟನ್ನು ಅವರು ನಿಧಾನವಾಗಿ ನಡೆದೇ ನೋಡಬಹುದು. ಮೆಟ್ಟಿಲು ಬೇಕಾಗುವುದು ಫಿರಂಗಿಗಳಿರುವ ಮೇಲಿನ ಸುತ್ತಿಗೆ ಮತ್ತು ಕಂದಕದ ತಳಕ್ಕೆ. ನಮ್ಮ ತಂದೆಯೂ ಮೇಲೆ ಹತ್ತಲಿಲ್ಲ.

ಮಾರಿಸ್‌ವಿಲ್ ಗೃಹಸ್ಥ:
389 ಕೋಣೆಗೆ ಮಾತ್ರ. ತೆರಿಗೆ ಸೇರಿದರೆ 439.57 ಎಂದು ಸ್ಪಷ್ಟವಾಗಿಯೇ ಬರೆದಿದ್ದೆ. ಓದಿದ ಮೇಲೆ ಗೇಲಿ ಮಾಡಿ.