ಡ್ರಾಪ್‌ಡೌನ್‌ನಲ್ಲಿ ಊರ ಹೆಸರಿನ ಬದಲು "ಗ್ರಾಮ ಆಬ್ಜೆಕ್ಟ್ (417)" ಬರ್ತಿದೆ, ಸಾಕಾಗಿದೆ

ಅರ್ಜಿಗುಮಾಸ್ತ:
ಜ್ಯಾಂಗೋದಲ್ಲಿ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಅರ್ಜಿ ಫಾರ್ಮ್. ಗ್ರಾಮಕ್ಕೆ ಫಾರಿನ್ ಕೀ, ಅಂದ್ರೆ ಗ್ರಾಮದ ಟೇಬಲ್‌ಗೆ ಕೊಂಡಿ, ಕೊಟ್ಟಿದ್ದೀನಿ. ಡ್ರಾಪ್‌ಡೌನ್ ತೆಗೆದರೆ ಮೇಲಿಂದ ಕೆಳಗಿನವರೆಗೂ ಗ್ರಾಮ ಆಬ್ಜೆಕ್ಟ್ (1), ಗ್ರಾಮ ಆಬ್ಜೆಕ್ಟ್ (2)... ಟೇಬಲ್‌ನಲ್ಲಿ ಹೆಸರು ಸರಿಯಾಗೇ ಇದೆ. ಏನು ಮಾಡಿದರೂ ಹೋಗ್ತಿಲ್ಲ. ಫೋನಿಂದ ಬರೀತಿದ್ದೀನಿ, ಕೋಡ್ ಹಾಕೋಕಾಗಲ್ಲ. ಅದರಲ್ಲಿ ವಿಶೇಷ ಏನೂ ಇಲ್ಲ, ಮಾಮೂಲಿನೇ.

ತಗಡುಸರ್ವರ್:
ಡಂಡರ್ ಸ್ಟ್ರ್ (__str__, ಆಬ್ಜೆಕ್ಟ್ ಯಾವ ಹೆಸರಲ್ಲಿ ಕಾಣಬೇಕು ಅಂತ ಹೇಳೋ ಮೆಥಡ್; ಡಂಡರ್ ಅಂದ್ರೆ ಆಚೀಚೆ ಎರಡೆರಡು ಅಂಡರ್‌ಸ್ಕೋರ್) ಬರೆದಿಲ್ಲ ನೀವು. ಗ್ರಾಮ ಮಾಡೆಲ್‌ನಲ್ಲಿ (ಟೇಬಲ್ ವಿವರಿಸೋ ಕ್ಲಾಸ್) ಆ ಮೆಥಡ್ ಹಾಕಿ ಸೆಲ್ಫ್.ಹೆಸರು ರಿಟರ್ನ್ ಮಾಡಿ. ಮೈಗ್ರೇಶನ್ (ಡೇಟಾಬೇಸ್ ಟೇಬಲ್ ಬದಲಾವಣೆ) ಏನೂ ಬೇಡ. ಮುಗೀತು.

ಅರ್ಜಿಗುಮಾಸ್ತ:
ಬರೆದಿದ್ದೀನಿ ಸಾರ್. ಅದಕ್ಕೇ ತಲೆ ಕೆಟ್ಟಿರೋದು.

ತಗಡುಸರ್ವರ್:
ಹಾಗಾದ್ರೆ ಬೇರೆ ಮಾಡೆಲ್‌ನಲ್ಲಿ ಬರೆದಿರ್ತೀರಿ. ಅರ್ಜಿ ಮಾಡೆಲ್‌ನಲ್ಲಿ ಹಾಕಿದರೆ ಅರ್ಜಿಯ ಹೆಸರು ಬದಲಾಗುತ್ತೆ, ಗ್ರಾಮದ್ದಲ್ಲ. ಇಲ್ಲಾಂದ್ರೆ ಸರ್ವರ್ ರೀಸ್ಟಾರ್ಟ್ ಮಾಡಿಲ್ಲ. ಗುನಿಕಾರ್ನ್ ಸರ್ವರ್ ಮಾಮೂಲಾಗಿ ಓಡ್ತಿದ್ದರೆ ಫೈಲ್ ಸೇವ್ ಮಾಡಿದ ಮಾತ್ರಕ್ಕೆ ರೀಲೋಡ್ ಆಗಲ್ಲ.

ಅರ್ಜಿಗುಮಾಸ್ತ:
ಗ್ರಾಮದಲ್ಲೇ ಇದೆ. ಓಡ್ತಿರೋದು ರನ್‌ಸರ್ವರ್, ಜ್ಯಾಂಗೋದ್ದೇ ಡೆವಲಪ್‌ಮೆಂಟ್ ಸರ್ವರ್. ನೂರು ಸಲ ನಿಲ್ಲಿಸಿ ಶುರು ಮಾಡಿದ್ದೀನಿ.

ಬೈಟುಬಜ್ಜಿ:
ಪೈಥಾನ್ 2 ಏನಾದ್ರೂ ಇದೆಯಾ ಮಾರಾಯ್ರೆ? ಅದರಲ್ಲಾದರೆ ಡಂಡರ್ ಯೂನಿಕೋಡ್ ಬರೀಬೇಕು.

ತಗಡುಸರ್ವರ್:
ಯಾವ ಕಾಲದಲ್ಲಿದ್ದೀರಿ! ಬ್ರಾಕೆಟ್‌ನಲ್ಲಿ ಐಡಿ ಬರ್ತಿದೆ ನೋಡಿ. ಅದು ಶುರುವಾಗಿದ್ದೇ ಜ್ಯಾಂಗೋ 2.0ರಿಂದ, ಅದಕ್ಕೆ ಮುಂಚೆ ಬರೀ "ಗ್ರಾಮ ಆಬ್ಜೆಕ್ಟ್" ಅಂತಿತ್ತು. 2.0 ಪೈಥಾನ್ 2ರ ಮೇಲೆ ಓಡೋದೇ ಇಲ್ಲ. ನಾನು ಹೇಳ್ತಿರೋದು ಒಂದೇ, ರೀಸ್ಟಾರ್ಟ್ ಸಮಸ್ಯೆ. ಕಂಪೈಲ್ ಆದ ಕೋಡ್ ಇರೋ ಪೈಕ್ಯಾಶ್ ಫೋಲ್ಡರ್‌ಗಳನ್ನೂ ಅಳಿಸಿ.

ಬೈಟುಬಜ್ಜಿ:
ಫೈಲ್ ಬದಲಾದರೆ ಪೈಥಾನ್ ತಾನೇ ಮತ್ತೆ ಕಂಪೈಲ್ ಮಾಡ್ತದೆ. ಪೈಕ್ಯಾಶ್ ಅಳಿಸೋದು ಬರೀ ದೃಷ್ಟಿ ತೆಗೆದ ಹಾಗೆ.

ಹುಬ್ಬಳ್ಳಿಹ್ಯಾಶ್:
ಊಹೆ ಸಾಕ್ರಿ. ಮೊದಲ ಜ್ಯಾಂಗೋ ಶೆಲ್‌ನಾಗ (ಕಮಾಂಡ್ ಬರಿಯೋ ಕಡೆ) ನೋಡ್ರಿ. ಒಂದು ಗ್ರಾಮ ತಗೊಂಡು ಸ್ಟ್ರ್ ಹಚ್ಚಿ ಪ್ರಿಂಟ್ ಮಾಡ್ರಿ. ಹೆಸರು ಬಂದ್ರ ತಪ್ಪು ಫಾರ್ಮ್‌ನಾಗ ಐತಿ, ಆಬ್ಜೆಕ್ಟ್ ಅಂತ ಬಂದ್ರ ಮಾಡೆಲ್‌ನಾಗ ಐತಿ. ಆಮ್ಯಾಲ ಗ್ರಾಮ ಕ್ಲಾಸಿನ ಡಂಡರ್ ಡಿಕ್ಟ್ (ಕ್ಲಾಸಿನಾಗ ಏನೇನ್ ಐತಿ ಅನ್ನೋ ಪಟ್ಟಿ) ಒಳಗ ಡಂಡರ್ ಸ್ಟ್ರ್ ಐತಿಲ್ಲೋ ಅಂತ ಕೇಳ್ರಿ. ಇನ್ನೊಂದು, ಮಾಡೆಲ್ ಫೈಲ್ ತಗದು ಡೆಫ್ ಮುಂದ ಸ್ಪೇಸ್ ಎಷ್ಟ್ ಅದಾವ ಹೇಳ್ರಿ.

ಅರ್ಜಿಗುಮಾಸ್ತ:
ಶೆಲ್‌ನಲ್ಲೂ ಆಬ್ಜೆಕ್ಟ್ ಅಂತಲೇ ಬರ್ತಿದೆ. ಡಿಕ್ಟ್ ಒಳಗೆ ಇಲ್ಲ, ಫಾಲ್ಸ್ ಅಂತಿದೆ. ಇದೇನಿದು, ಬರೆದಿದ್ದೀನಲ್ಲ?! ಡೆಫ್ ಮುಂದೆ 8 ಸ್ಪೇಸ್. ಅದರ ಮೇಲೆ ಕ್ಲಾಸ್ ಮೆಟಾ (ಮಾಡೆಲ್‌ನ ಸೆಟ್ಟಿಂಗ್ ಇಡೋ ಒಳ ಕ್ಲಾಸ್), ಅದರೊಳಗೆ ಆರ್ಡರಿಂಗ್, ವರ್ಬೋಸ್ ನೇಮ್ ಪ್ಲೂರಲ್.

ಹುಬ್ಬಳ್ಳಿಹ್ಯಾಶ್:
ಸಿಕ್ತು. ನಿಮ್ಮ ಮೆಥಡ್ ಗ್ರಾಮದಾಗ ಇಲ್ಲ, ಮೆಟಾದ ಹೊಟ್ಟಿಯೊಳಗ ಐತಿ. 8 ಇದ್ದದ್ದು 4 ಮಾಡ್ರಿ. ಎರರ್ ಯಾಕ ಬರಲಿಲ್ಲ ಅಂದ್ರ, ಮೆಟಾದಾಗ ಗೊತ್ತಿಲ್ಲದ ಹೆಸರು ಕಂಡ್ರ ಜ್ಯಾಂಗೋ ಟೈಪ್‌ಎರರ್ ಒಗೀತದ ಖರೆ, ಆದ್ರ ಅಂಡರ್‌ಸ್ಕೋರ್‌ನಿಂದ ಶುರುವಾಗೋ ಹೆಸರನ್ನ ಸುಮ್ಮನ ಬಿಟ್ಟಬಿಡ್ತದ. ಡಂಡರ್ ಸ್ಟ್ರ್ ಶುರುವಾಗೋದೇ ಅಂಡರ್‌ಸ್ಕೋರ್‌ನಿಂದ.

ಅರ್ಜಿಗುಮಾಸ್ತ:
ಬಂತು!!! ನಾಲ್ಕು ಸ್ಪೇಸಿಗೆ ಎರಡು ದಿನ. ಆದರೆ ಈಗ ಪೇಜ್ ತೆರೆಯೋಕೆ 9 ಸೆಕೆಂಡ್ ಹಿಡೀತಿದೆ. ಮೊದಲು ಹೀಗಿರಲಿಲ್ಲ.

ತಗಡುಸರ್ವರ್:
ಮೆಮೊರಿ ಸಾಲ್ತಿಲ್ಲ. ನನ್ನದು 64 ಜಿಬಿ, ಎನ್‌ವಿಎಂಇ ಡಿಸ್ಕ್, ಪೋಸ್ಟ್‌ಗ್ರೆಸ್ ಡೇಟಾಬೇಸ್ ಬೇರೆ ಮಶೀನಲ್ಲಿ, ಹುಡುಕೋಕೆ ಟ್ರೈಗ್ರಾಮ್ ಇಂಡೆಕ್ಸ್ (ಹೆಸರನ್ನ ಮೂರು ಮೂರು ಅಕ್ಷರದ ತುಂಡು ಮಾಡಿಡೋದು), ಮುಂದೆ ಎಚ್‌ಟಿಎಂಎಕ್ಸ್. ಮೂರು ಅಕ್ಷರ ಒತ್ತಿದರೆ ಹತ್ತು ಊರು ಎದುರಿಗೆ.

ಬೈಟುಬಜ್ಜಿ:
ಡೇಟಾಬೇಸಿನ ಲೊಕೇಲ್ (ಭಾಷೆಯ ಸೆಟ್ಟಿಂಗ್) "ಸಿ" ಇದ್ದರೆ ಟ್ರೈಗ್ರಾಮ್‌ಗೆ ಕನ್ನಡ ಅಕ್ಷರ ಅಕ್ಷರವೇ ಅಲ್ಲ. ಅದನ್ನೊಮ್ಮೆ ನೋಡಿಕೊಳ್ಳಿ, ಆಮೇಲೆ 64 ಜಿಬಿ ಮಾತು.

ಗುಮಾಸ್ತರೇ, ಡಂಡರ್ ಸ್ಟ್ರ್ ಒಳಗೆ ಹೆಸರು ಮಾತ್ರ ಉಂಟಾ, ಬೇರೆ ಏನಾದರೂ ಉಂಟಾ? ಸಾಲು ಎಷ್ಟು?

ಅರ್ಜಿಗುಮಾಸ್ತ:
1,240 ಊರು, ಒಂದೇ ಜಿಲ್ಲೆ. ಹೊಸಹಳ್ಳಿ ಅನ್ನೋ ಹೆಸರೇ ಎಷ್ಟೋ ಸಲ ಬರುತ್ತೆ, ಅದಕ್ಕೆ "ಗ್ರಾಮ, ಹೋಬಳಿ, ತಾಲೂಕು" ಅಂತ ರಿಟರ್ನ್ ಮಾಡಿದ್ದೀನಿ. ಹೋಬಳಿ, ತಾಲೂಕು ಬೇರೆ ಟೇಬಲ್.

ಬೈಟುಬಜ್ಜಿ:
ಇದನ್ನು ಮೊದಲೇ ಹೇಳಬಾರದಾ! ಪ್ರತಿ ಊರಿಗೆ ಹೋಬಳಿ ತರಲು ಒಂದು ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ), ಆ ಹೋಬಳಿಯ ತಾಲೂಕು ತರಲು ಇನ್ನೊಂದು. 1,240ಕ್ಕೆ 2,480, ಪಟ್ಟಿಯದ್ದು ಒಂದು, ಒಟ್ಟು 2,481. ಡಿಬಗ್ ಟೂಲ್‌ಬಾರ್‌ನ ಎಸ್‌ಕ್ಯೂಎಲ್ ಪ್ಯಾನೆಲ್ ತೆರೆದರೆ ಕಾಣ್ತದೆ. ಒಂದೇ ಹೋಬಳಿಯ ನಲವತ್ತು ಊರಿದ್ದರೂ ನಲವತ್ತು ಸಲ ಕೇಳ್ತದೆ, ಯಾಕೆಂದರೆ ಕ್ಯಾಶ್ ಆಯಾ ಆಬ್ಜೆಕ್ಟಿನದ್ದು ಮಾತ್ರ.

ಫಾರ್ಮಿನ ಡಂಡರ್ ಇನಿಟ್‌ನಲ್ಲಿ (ಫಾರ್ಮ್ ತಯಾರಾಗುವಾಗ ಓಡುವ ಮೆಥಡ್), ಸೂಪರ್ ಕರೆದ ನಂತರ, ಗ್ರಾಮ ಫೀಲ್ಡಿನ ಕ್ವೆರಿಸೆಟ್‌ಗೆ (ಊರುಗಳನ್ನು ತರುವ ಕ್ವೆರಿ) ಸೆಲೆಕ್ಟ್_ರಿಲೇಟೆಡ್('ಹೋಬಳಿ__ತಾಲೂಕು') ಹಾಕಿ. ನಡುವೆ ಎರಡು ಅಂಡರ್‌ಸ್ಕೋರ್. ಹೋಬಳಿ, ತಾಲೂಕು ಪಟ್ಟಿಯ ಜೊತೆಗೇ ಬರ್ತದೆ, 2,481 ಇದ್ದದ್ದು 1 ಆಗ್ತದೆ. ಫಾರ್ಮ್‌ಸೆಟ್ (ಒಂದೇ ಪುಟದಲ್ಲಿ ಹಲವು ಫಾರ್ಮ್) ಇದ್ದರೆ ಪ್ರತಿ ಫಾರ್ಮಿಗೂ ಆ ಒಂದು ಮತ್ತೆ ಓಡ್ತದೆ, ಅದು ನೆನಪಿರಲಿ.

ಹುಬ್ಬಳ್ಳಿಹ್ಯಾಶ್:
ಡಂಡರ್ ಸ್ಟ್ರ್‌ನಾಗ ಬರೀ ಹೆಸರು ಇಡ್ರಿ, ಅದು ಲಾಗ್, ಅಡ್ಮಿನ್ ಎಲ್ಲಾ ಕಡೆ ಓಡ್ತದ. ಉದ್ದ ಲೇಬಲ್ ಬೇಕಾದ್ರ ಮಾಡೆಲ್‌ಚಾಯ್ಸ್‌ಫೀಲ್ಡ್‌ನ (ಈ ಡ್ರಾಪ್‌ಡೌನ್‌ನ ಫೀಲ್ಡ್) ಸಬ್‌ಕ್ಲಾಸ್ ಮಾಡಿ, ಪ್ರತಿ ಸಾಲಿನ ಲೇಬಲ್ ಕೊಡೋ ಲೇಬಲ್_ಫ್ರಮ್_ಇನ್‌ಸ್ಟನ್ಸ್ ಬರೀರಿ. ಅದನ್ನ ಫಾರ್ಮ್ ಮೆಟಾದ ಫೀಲ್ಡ್_ಕ್ಲಾಸಸ್‌ನಾಗ ಕೊಡ್ರಿ. ಫೀಲ್ಡ್ ನೀವೇ ಮ್ಯಾಲ ಡಿಕ್ಲೇರ್ ಮಾಡಿದ್ರ ಮಾಡೆಲ್‌ನ ಬ್ಲ್ಯಾಂಕ್, ವರ್ಬೋಸ್ ನೇಮ್ ಯಾವುದೂ ಬರಂಗಿಲ್ಲ, ಖಾಲಿ ಬಿಡಬಹುದಾದ ಫೀಲ್ಡ್ ಕಡ್ಡಾಯ ಆಗಿ ಕುಂದರ್ತದ.

ತಗಡುಸರ್ವರ್:
ಇಷ್ಟೆಲ್ಲ ಯಾಕೆ? ಆಟೋಕಂಪ್ಲೀಟ್_ಫೀಲ್ಡ್ಸ್ ಹಾಕಿ, ಟೈಪ್ ಮಾಡಿ ಹುಡುಕಬಹುದು. ಗ್ರಾಮದ ಅಡ್ಮಿನ್‌ನಲ್ಲಿ ಸರ್ಚ್_ಫೀಲ್ಡ್ಸ್ ಇರಬೇಕು ಅಷ್ಟೇ, ಇಲ್ಲದಿದ್ರೆ ಇ040 ಅಂತ ಚೆಕ್ ಎರರ್ ಬರುತ್ತೆ.

ಅರ್ಜಿಗುಮಾಸ್ತ:
ಇದು ಅಡ್ಮಿನ್ ಅಲ್ಲ ಸಾರ್, ಜನ ತುಂಬೋ ಫಾರ್ಮ್.

ತಗಡುಸರ್ವರ್:
ಅದನ್ನೂ ಈಗ ಹೇಳ್ತಿದ್ದೀರಿ. ಹಾಗಾದ್ರೆ ಮೊದಲ 50 ಸಾಲು ಮಾತ್ರ ತೋರಿಸಿ, ಕ್ವೆರಿಸೆಟ್ ಸ್ಲೈಸ್ ಮಾಡಿ.

ಬೈಟುಬಜ್ಜಿ:
ಬೇಡವೇ ಬೇಡ! ಸಬ್ಮಿಟ್ ಆದಾಗ ಆರಿಸಿದ ಊರು ಹುಡುಕಲು ಅದೇ ಕ್ವೆರಿಸೆಟ್ ಮೇಲೆ ಗೆಟ್ ಓಡಬೇಕು, ಸ್ಲೈಸ್ ಆದದ್ದನ್ನು ಫಿಲ್ಟರ್ ಮಾಡಲು ಜ್ಯಾಂಗೋ ಬಿಡೋದಿಲ್ಲ. ಆ ಟೈಪ್‌ಎರರ್ ಅನ್ನು ಫೀಲ್ಡೇ ನುಂಗಿ "ಸರಿಯಾದ ಆಯ್ಕೆ ಮಾಡಿ" ಅಂತ ಜನರ ಮೇಲೆ ಹಾಕ್ತದೆ. ತಾಲೂಕು, ಹೋಬಳಿ, ಗ್ರಾಮ ಅಂತ ಮೂರು ಡ್ರಾಪ್‌ಡೌನ್ ಮಾಡಿ. ಅದರಲ್ಲೂ ಒಂದು ಗುಂಡಿ ಉಂಟು: ಶುರುವಿಗೆ ಗ್ರಾಮದ ಕ್ವೆರಿಸೆಟ್ ನನ್ (ಖಾಲಿ) ಇಟ್ಟಿರ್ತೀರಿ, ಪೋಸ್ಟ್ ಬಂದಾಗಲೂ ನನ್ ಆಗಿಯೇ ಇದ್ದರೆ ಯಾವ ಊರು ಆರಿಸಿದರೂ ಅದೇ ಎರರ್. ಡಂಡರ್ ಇನಿಟ್‌ನಲ್ಲಿ ಸೆಲ್ಫ್.ಡೇಟಾದಿಂದ ಹೋಬಳಿ ಐಡಿ ತೆಗೆದು ಆ ಹೋಬಳಿಯ ಊರುಗಳನ್ನು ಕೊಡಬೇಕು. ಹಳೆ ಅರ್ಜಿ ತಿದ್ದುವಾಗ ಸೆಲ್ಫ್.ಇನ್‌ಸ್ಟನ್ಸ್‌ನಿಂದ.

ಅರ್ಜಿಗುಮಾಸ್ತ:
ಸೆಲೆಕ್ಟ್_ರಿಲೇಟೆಡ್ ಹಾಕಿದೆ, ತಕ್ಷಣ ತೆರೀತಿದೆ. ಮೂರು ಡ್ರಾಪ್‌ಡೌನ್ ಸೋಮವಾರ ನೋಡ್ತೀನಿ.

ಹೊಸಬ_07:
ನಂಗೂ ಇದೇ ತೊಂದರೆ. ಡ್ರಾಪ್‌ಡೌನ್‌ನಲ್ಲಿ ಆಂಗಲ್ ಬ್ರಾಕೆಟ್ ಒಳಗೆ "ಗ್ರಾಮ 417" ಬರ್ತಿದೆ. ಮೆಟಾ ಹುಡುಕಿದೆ, ಸಿಗಲಿಲ್ಲ. ನಂದು ಫ್ಲಾಸ್ಕ್, ಪೈಥಾನ್‌ನ ಬೇರೆ ಫ್ರೇಮ್‌ವರ್ಕ್.

ಹುಬ್ಬಳ್ಳಿಹ್ಯಾಶ್:
ಫ್ಲಾಸ್ಕ್ ಮಾಡೆಲ್‌ನಾಗ ಆ ಮೆಟಾ ಎಲ್ಲಿಂದ ಸಿಗಬೇಕ್ರಿ! ಕ್ವೆರಿಸೆಲೆಕ್ಟ್‌ಫೀಲ್ಡ್ ಇದ್ರ ಗೆಟ್_ಲೇಬಲ್‌ಗೆ 'ಹೆಸರು' ಅಂತ ಕೊಡ್ರಿ. ಉಳಿದದ್ದಕ್ಕ ಬ್ಯಾರೆ ಚರ್ಚೆ ಶುರು ಮಾಡ್ರಿ.