ಸಹಾಯ ಬೇಕು: ಫೆಯೆನೂರ್ಡ್ ಸೀಸನ್ ಪಟ್ಟಿಯಲ್ಲಿ ಹಳೇ ವರ್ಷಗಳನ್ನು ಹೇಗೆ ಬರೆಯಲಿ?

ಎಲ್ಲರಿಗೂ ನಮಸ್ಕಾರ. ರಾಟರ್‌ಡ್ಯಾಮ್‌ನ ಫೆಯೆನೂರ್ಡ್ ಫುಟ್‌ಬಾಲ್ ಕ್ಲಬ್‌ನ ಪ್ರತಿ ಸೀಸನ್ನಿನ ಲೆಕ್ಕ ಎಕ್ಸೆಲ್‌ನಲ್ಲಿ ಹಾಕುತ್ತಿದ್ದೇನೆ. ಸುಮ್ನೆ ಖುಷಿಗೆ ಶುರು ಮಾಡಿದ್ದು, ಈಗ ತಲೆ ಕೆಟ್ಟಿದೆ.

ನೆದರ್‌ಲ್ಯಾಂಡ್ಸ್‌ನ ಅಗ್ರ ಲೀಗ್ ಎರೆಡಿವಿಸಿ ಶುರುವಾಗಿದ್ದು 1956ರಲ್ಲಿ. ಅದಕ್ಕೂ ಮುಂಚೆ ಪ್ರಾದೇಶಿಕ ಗುಂಪುಗಳಲ್ಲಿ ಗೆದ್ದ ತಂಡಗಳು ಮತ್ತೆ ತಮ್ಮೊಳಗೆ ಆಡಿ ಚಾಂಪಿಯನ್ ಆಗಬೇಕಿತ್ತು. ಕ್ಲಬ್ಬಿನ 16 ಚಾಂಪಿಯನ್ ಪ್ರಶಸ್ತಿಗಳಲ್ಲಿ ಮೊದಲ ಐದು ಬಂದಿದ್ದು ಹಾಗೇ. ಒಂದೇ ಸೀಸನ್ನಿಗೆ ಎರಡು ಸಾಲು ಕೊಡಲೋ, ಒಂದೇ ಸಾಲಿನಲ್ಲಿ ತುರುಕಲೋ?

ಪಾಯಿಂಟ್‌ನದೂ ಇದೇ ಗೋಳು. 1995-96ರಿಂದ ಗೆಲುವಿಗೆ 3, ಅದಕ್ಕೂ ಹಿಂದೆ 2. ಹಳೆಯದನ್ನೆಲ್ಲ 3ಕ್ಕೆ ಬದಲಾಯಿಸಿದರೆ ಹೋಲಿಕೆ ಸುಲಭ, ಆದರೆ ಅದು ಸುಳ್ಳು ಲೆಕ್ಕ ಅನಿಸುತ್ತದೆ, ಅಲ್ವಾ?

2019-20 ಇನ್ನೂ ವಿಚಿತ್ರ. ಕೋವಿಡ್‌ನಿಂದ ಲೀಗ್ ಅರ್ಧಕ್ಕೇ ನಿಂತಿತು, ಚಾಂಪಿಯನ್ ಯಾರೂ ಇಲ್ಲ. ಉಟ್ರೆಕ್ಟ್ ಜೊತೆ ಆಡಬೇಕಿದ್ದ ಡಚ್ ಕಪ್ ಫೈನಲ್ಲೂ ರದ್ದಾಯಿತು. ಆ ಮನೆಯಲ್ಲಿ 'ರನ್ನರ್ ಅಪ್' ಅಂತ ಬರೆಯೋಕಾಗುತ್ತದಾ? ಖಾಲಿ ಬಿಟ್ಟಿದ್ದೇನೆ.

ಬರೀ ಸ್ಥಾನ ಬರೆದರೆ ಕಥೆಯೇ ಸಿಗುವುದಿಲ್ಲ. 1969-70ರಲ್ಲಿ ಲೀಗ್‌ನಲ್ಲಿ 2ನೇ ಸ್ಥಾನ, ಆದರೆ ಅದೇ ವರ್ಷ ಮಿಲಾನ್‌ನಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ ವಿರುದ್ಧ 2-1ರಿಂದ ಯೂರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಗೆದ್ದರು! ಮರುವರ್ಷ ಲೀಗ್ ಗೆದ್ದರು, ಯೂರೋಪಿನಲ್ಲಿ ಮೊದಲ ಸುತ್ತಿನಲ್ಲೇ ರೊಮೇನಿಯಾದ ಅರಾದ್ ತಂಡ ಮನೆಗೆ ಕಳಿಸಿತು. 2010-11ಕ್ಕೆ '10ನೇ ಸ್ಥಾನ' ಅಂತ ಮಾತ್ರ ಹಾಕಿದರೆ ಎದುರಾಳಿ ಡಚ್ ಕ್ಲಬ್ ಪಿಎಸ್‌ವಿ ಕೈಲಿ ತಿಂದ 10-0 ಎಲ್ಲಿ ಹೋಯಿತು? ಅಭಿಮಾನಿಯಾಗಿ ಅಳಿಸಿಬಿಡುವ ಆಸೆಯೇನೋ ಇದೆ.

ಇಂಥ ಪಟ್ಟಿ ಮಾಡಿದವರಿದ್ದರೆ ಕಾಲಂಗಳನ್ನು ಹೇಗೆ ಹಾಕಿದಿರಿ ಹೇಳಿ. ಫೋಟೋ ಹಾಕಿದರೂ ಸಾಕು.