55 ಸಾವಿರಕ್ಕೆ ಗೇಮಿಂಗ್ ಪಿಸಿ, ಮೊದಲ ಸಲ. ಯಾವ ಪಾರ್ಟ್ಸ್ ತಗೊಳ್ಳಲಿ?

ನಾಪೋಕ್ಲು_ಹುಡುಗ: ಎಲ್ಲರಿಗೂ ನಮಸ್ಕಾರ. ಮೊದಲ ಸಲ ಪಿಸಿ ಅಸೆಂಬಲ್ ಮಾಡಿಸಬೇಕು ಅಂತಿದ್ದೇನೆ. ಬಜೆಟ್ 55 ಸಾವಿರ. 1080ಪಿ ಮಾನಿಟರ್, ಕೀಬೋರ್ಡ್, ಮೌಸ್ ಇವೆ. ಆಡೋದು ವ್ಯಾಲರಂಟ್, ಜಿಟಿಎ 5. ಒಳಗೇ ಗ್ರಾಫಿಕ್ಸ್ ಇರೋ ರೈಜನ್ 5 5600ಜಿ ಪ್ರೊಸೆಸರ್ ತಗೊಂಡು ಗ್ರಾಫಿಕ್ಸ್ ಕಾರ್ಡ್ ಆಮೇಲೆ ಹಾಕಿಸಲಾ, ಇಲ್ಲಾ ಈಗಲೇ 5600 ಜೊತೆ ಆರ್‌ಎಕ್ಸ್ 6600 ಕಾರ್ಡ್ ಹಾಕಿಸಲಾ? ಎಸ್‌ಎಂಪಿಎಸ್ (ಪಿಸಿಯ ಪವರ್ ಸಪ್ಲೈ) ಎಷ್ಟು ವ್ಯಾಟ್ ಬೇಕು? ಜೂನ್ ಬಂದರೆ ನಮ್ಮ ಕಡೆ ಕರೆಂಟ್ ಗತಿ ಏನು ಅಂತ ನಿಮಗೆ ಗೊತ್ತೇ ಇದೆ.

ಎಸ್‌ಪಿರೋಡ್_ಗಿರಾಕಿ: ಕಣ್ಣು ಮುಚ್ಚಿ 5600 ಮತ್ತು ಆರ್‌ಎಕ್ಸ್ 6600 ತಗೊಳ್ಳಿ. 5600ಜಿಯಲ್ಲಿ ಎಲ್3 ಕ್ಯಾಶ್, ಅಂದರೆ ಪ್ರೊಸೆಸರ್ ಒಳಗಿನ ವೇಗದ ಮೆಮರಿ, 16 ಎಂಬಿ, 5600ರಲ್ಲಿ 32 ಎಂಬಿ. ಆಮೇಲೆ ಎಂಥ ಕಾರ್ಡ್ ಹಾಕಿದರೂ ಆ 5600ಜಿ ಹಿಂದೆ ಬೀಳುತ್ತದೆ. ಕಾರ್ಡಿಗೆ ಡೇಟಾ ಹೋಗೋ ಪಿಸಿಐಇ ದಾರಿ ಕೂಡ ಹಳೇ 3.0 ಮಾತ್ರ. ರ‍್ಯಾಮ್ 8 ಜಿಬಿಯ ಎರಡು ಸ್ಟಿಕ್ ಹಾಕಿಸಿ, 16ರದು ಒಂದೇ ಬೇಡ. ಕೂಲರ್ ಪ್ರೊಸೆಸರ್ ಜೊತೆ ಡಬ್ಬದಲ್ಲೇ ಬರುತ್ತದೆ, ನಿಮ್ಮೂರ ಚಳಿಗೆ ಅದೇ ಜಾಸ್ತಿ. ಎಸ್‌ಎಂಪಿಎಸ್ 550 ವ್ಯಾಟ್, 80 ಪ್ಲಸ್ ಬ್ರಾಂಜ್ ಸ್ಟಿಕ್ಕರ್ ಇರಲಿ. ಒಂದು ದಿನ ಬೆಂಗಳೂರಿಗೆ ಬಂದು ಎಸ್‌ಪಿ ರೋಡಲ್ಲಿ ನಾಲ್ಕು ಅಂಗಡಿ ಸುತ್ತಿ, ರೇಟ್ ಗೊತ್ತಾಗುತ್ತದೆ.

ಗೋಣಿಕೊಪ್ಪ_ಗೇಮರ್: "ಕಣ್ಣು ಮುಚ್ಚಿ" ಅಂತೆ! ಇಂಟೆಲ್ ಐ3 12100ಎಫ್ ಅಂತ ಒಂದು ಪ್ರೊಸೆಸರ್ ಇದೆ ಸಾರ್, ಕಣ್ಣು ಬಿಟ್ಟು ನೋಡಿ. ನಾಲ್ಕೇ ಕೋರ್ ಇದ್ದರೂ ವ್ಯಾಲರಂಟ್‌ಗೆ ಧಾರಾಳ. ಬೇಕಿದ್ದರೆ ನಾಳೆ ಅದೇ ಬೋರ್ಡಿಗೆ ಐ5 ಹಾಕಬಹುದು.

ಎಸ್‌ಪಿರೋಡ್_ಗಿರಾಕಿ: "ನಾಳೆ ಐ5" ಹಾಕೋ ಹಾಗಿದ್ದರೆ 5600 ಕೂರೋ ಎಎಂ4 ಬೋರ್ಡಿಗೂ ನಾಳೆ ಎಂಟು ಕೋರಿನ 5700ಎಕ್ಸ್ ಹಾಕಬಹುದು. ಬರೀ ನಾಲ್ಕು ಕೋರಿಗೆ ಯಾಕೆ ದುಡ್ಡು ಸುರೀಬೇಕು?

ವೋಲ್ಟೇಜ್_ಮಾವ: ಇಬ್ಬರೂ ಕೋರ್ ಎಣಿಸಿಕೊಂಡು ಕೂತಿದ್ದೀರಿ. ಹುಡುಗ ಕೊನೇ ಸಾಲಲ್ಲಿ ಏನು ಬರೆದಿದ್ದಾನೆ ನೋಡಿದಿರಾ? ನಾನಿರೋದು ಮಡಿಕೇರಿ ಹತ್ತಿರ. ಗಾಳಿ ಎದ್ದರೆ ಸಿಲ್ವರ್ ಓಕ್ ಕೊಂಬೆ ಲೈನಿಗೆ ತಾಗುತ್ತದೆ. ಲೈಟ್ ಮಂಕಾಗುತ್ತದೆ, ಹೋಗುತ್ತದೆ, ಎರಡು ಸೆಕೆಂಡಿಗೆ ಪಟ್ಟನೆ ಬರುತ್ತದೆ, ಮತ್ತೆ ಹೋಗುತ್ತದೆ. ಎಸ್‌ಎಂಪಿಎಸ್ ಸಾಯೋದು ಆ ಬಂದು ಹೋಗುವ ಆಟದಲ್ಲೇ. ತಮ್ಮಾ, ಮೊದಲು ಯುಪಿಎಸ್ ತಗೋ. ಕಾರ್ಡ್ ಆಮೇಲೆ. ಒಂದು ವರ್ಷ 5600ಜಿಯಲ್ಲೇ ಆಡು, ವ್ಯಾಲರಂಟ್ ಓಡುತ್ತದೆ.

ಗೋಣಿಕೊಪ್ಪ_ಗೇಮರ್: "ಮೊದಲು ಯುಪಿಎಸ್"! ಗೇಮಿಂಗ್ ಪಿಸಿ ಕೇಳಿದವನಿಗೆ ಬ್ಯಾಟರಿ ಮಾರುತ್ತಿದ್ದೀರಲ್ಲ ಮಾವ. ಕೊಡಗಲ್ಲಿ ಇನ್ವರ್ಟರ್ ಇಲ್ಲದ ಮನೆ ಎಷ್ಟಿದೆ ಹೇಳಿ. ಅದಕ್ಕೇ ಪ್ಲಗ್ ಹಾಕಿದರಾಯಿತು. ನಮ್ಮ ಮನೇಲಿ ಹಾಗೇ ಓಡುತ್ತಿದೆ.

ವೋಲ್ಟೇಜ್_ಮಾವ: "ಅದಕ್ಕೇ ಪ್ಲಗ್ ಹಾಕಿದರಾಯಿತು" ಅಂದವರೆಲ್ಲ ಆಮೇಲೆ ರಿಪೇರಿ ಅಂಗಡಿ ಮುಂದೆ ನಿಂತಿರುತ್ತಾರೆ. ಹಳೇ ಇನ್ವರ್ಟರ್ ಕೊಡೋದು ಸ್ಕ್ವೇರ್ ವೇವ್, ಲೈನ್ ಕರೆಂಟಿನ ಹಾಗೆ ನಯವಾದ ಸೈನ್ ವೇವ್ ಅಲ್ಲ. ಈಗಿನ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ ಅಂತ ಕರೆಂಟ್ ಎಳೆಯೋದನ್ನು ಸರಿಹೊಂದಿಸೋ ಸರ್ಕ್ಯೂಟ್ ಇರುತ್ತದೆ, ಅದಕ್ಕೂ ಸ್ಕ್ವೇರ್ ವೇವ್‌ಗೂ ಆಗಿಬರಲ್ಲ. ಮತ್ತೆ ಇನ್ವರ್ಟರ್ ಬದಲಾಗೋಕೆ ಎಷ್ಟು ಹೊತ್ತು ಹಿಡಿಯುತ್ತದೆ ಗೊತ್ತಾ? ಒಳ್ಳೇ ಎಸ್‌ಎಂಪಿಎಸ್ ಕರೆಂಟ್ ಇಲ್ಲದೆ ತಡೆಯೋದು 16-17 ಮಿಲಿಸೆಕೆಂಡ್ ಅಷ್ಟೇ. ಅಷ್ಟರೊಳಗೆ ಇನ್ವರ್ಟರ್ ಕೈಗೆ ಸಿಗಲಿಲ್ಲ ಅಂದರೆ ಪಿಸಿ ರೀಸ್ಟಾರ್ಟ್.

ಗೋಣಿಕೊಪ್ಪ_ಗೇಮರ್: "ಹಳೇ ಇನ್ವರ್ಟರ್" ಅಂತ ನೀವೇ ಹೇಳಿದಿರಿ. ನಮ್ಮದು ಹಳೇದಲ್ಲ, ಸೈನ್ ವೇವ್. ಯುಪಿಎಸ್ ಮೋಡ್‌ಗೆ ಹಾಕೋಕೆ ಸ್ವಿಚ್ ಕೂಡ ಇದೆ. ಆ ಮೋಡಲ್ಲಿ ಬೇಗ ಬದಲಾಗುತ್ತದೆ. ಮ್ಯಾನ್ಯುಯಲ್ ಓದೋ ಅಭ್ಯಾಸ ಮಾಡಿಕೊಳ್ಳಿ.

ತೋಟದಮನೆ: ಮಾವ, ಒಂದು ಕೇಳಲಾ? ನೀವು ಹೇಳೋ 600 ವಿಎ ಯುಪಿಎಸ್ ಬ್ಯಾಟರಿಗೆ ಹೋದಾಗ ಕೊಡೋದು ಏನು, ಶುದ್ಧ ಸೈನ್ ವೇವಾ? ಕಡಿಮೆ ರೇಟಿನವು ಹೆಚ್ಚಿನವು ಮೆಟ್ಟಿಲು ಮೆಟ್ಟಿಲಾದ ವೇವ್ ಕೊಡೋದು. ಆಗ ಆಕ್ಟಿವ್ ಪಿಎಫ್‌ಸಿ ಎಲ್ಲಿ ಹೋಯಿತು?

ವೋಲ್ಟೇಜ್_ಮಾವ: ನಾನು "600 ವಿಎ" ಅಂತ ಎಲ್ಲಿ ಹೇಳಿದೆ? ಮೇಲೆ ಹೋಗಿ ನೋಡಿ. ಯುಪಿಎಸ್ ಅಂದೆ ಅಷ್ಟೇ. 600 ವಿಎ ಅಂದರೆ ಹೆಚ್ಚಿನವು 360 ವ್ಯಾಟೇ, ಅದು ನನಗೂ ಗೊತ್ತು.

ತೋಟದಮನೆ: ವೇವ್ ಕೇಳಿದೆ, ವ್ಯಾಟ್ ಹೇಳಿದಿರಿ.

ವೋಲ್ಟೇಜ್_ಮಾವ: ಗೇಮ್ ಸೇವ್ ಮಾಡಿ ಶಟ್‌ಡೌನ್ ಮಾಡೋಕೆ ಐದು ನಿಮಿಷ ಸಾಕು. ಐದು ನಿಮಿಷಕ್ಕೆ ಯಾವ ವೇವ್ ಆದರೇನು!

ಗೋಣಿಕೊಪ್ಪ_ಗೇಮರ್: ಹಾಹಾ! "ಯಾವ ವೇವ್ ಆದರೇನು". ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ. ಇಷ್ಟು ಹೊತ್ತು ಸ್ಕ್ವೇರ್ ವೇವ್ ಅಂದರೆ ಯಮ, ಈಗ ನೆಂಟ.

ವೋಲ್ಟೇಜ್_ಮಾವ: ನಿನ್ನ ವಯಸ್ಸಿಗಿಂತ ಜಾಸ್ತಿ ವರ್ಷ ವೈರಿಂಗ್ ಕೆಲಸ ಮಾಡಿದ್ದೇನೆ. ಸ್ಕ್ರೀನ್‌ಶಾಟ್ ಫ್ರೇಮ್ ಹಾಕಿಸಿ ಗೋಡೆಗೆ ನೇತು ಹಾಕು. ನಿಮ್ಮ ಮನೆ ಅರ್ತಿಂಗ್ ಯಾವತ್ತಾದರೂ ಚೆಕ್ ಮಾಡಿಸಿದ್ದೀಯಾ? ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದಾ ಇಲ್ವಾ, ಅದನ್ನು ಮೊದಲು ಹೇಳು.

ಕುಶಾಲನಗರ_ಕೂಲ್: ಸುಮ್ನೆ ಪ್ಲೇಸ್ಟೇಷನ್ ತಗೊಳ್ಳಪ್ಪ. ಈ ತಲೆನೋವೇ ಇರಲ್ಲ.

ಎಸ್‌ಪಿರೋಡ್_ಗಿರಾಕಿ: ನಾನು ಆಗಲೇ ಹೇಳಿದೆ, 550 ವ್ಯಾಟ್ ಬ್ರಾಂಜ್ ಅಂತ. ಬ್ರಾಂಜ್ ಇದ್ದರೆ ವೋಲ್ಟೇಜ್ ಏರುಪೇರು ಅದೇ ನೋಡಿಕೊಳ್ಳುತ್ತದೆ. ಯುಪಿಎಸ್ ಚರ್ಚೆಯೇ ದಂಡ.

ತೋಟದಮನೆ: "ಬ್ರಾಂಜ್ ಅದೇ ನೋಡಿಕೊಳ್ಳುತ್ತದೆ" ಅನ್ನೋದು ತಪ್ಪು. 80 ಪ್ಲಸ್ ಬ್ರಾಂಜ್ ಅಂದರೆ ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನೋ ಲೆಕ್ಕ. ಹೈ ವೋಲ್ಟೇಜ್ ಬಂದರೆ ಏನಾಗುತ್ತದೆ, ಶಾರ್ಟ್ ಆದರೆ ಏನಾಗುತ್ತದೆ ಅಂತ ಆ ಸ್ಟಿಕ್ಕರ್ ಹೇಳಲ್ಲ. ಪಕ್ಕದ ಲೇಬಲ್‌ನಲ್ಲಿ ಇನ್‌ಪುಟ್ ಎಷ್ಟು ಅಂತ ಬರೆದಿರುತ್ತದೆ, ಅದನ್ನು ನೋಡಿ. 100ರಿಂದ 240 ವೋಲ್ಟ್ ಅಂತ ಇದ್ದರೆ ಸಂಜೆ ಹೊತ್ತು ಲೈಟ್ ಮಂಕಾದಾಗಲೂ ಅದು ತಡೆಯುತ್ತದೆ. 200ರಿಂದ 240 ಅಂತ ಇದ್ದರೆ ನಮ್ಮ ಕಡೆಗೆ ಬೇಡ.

ಎಸ್‌ಪಿರೋಡ್_ಗಿರಾಕಿ: ಅಲ್ಲಿಗೆ ಎಸ್‌ಎಂಪಿಎಸ್ ಒಳ್ಳೇದಿದ್ದರೆ ಸಾಕು ಅಂತ ನೀವೂ ಒಪ್ಪಿದ ಹಾಗಾಯಿತು.

ತೋಟದಮನೆ: ಇಲ್ಲ.

ವೋಲ್ಟೇಜ್_ಮಾವ: ಸಿಡಿಲಿಗೆ ಏನು ಮಾಡುತ್ತೀರಿ? ಏಪ್ರಿಲ್, ಮೇನಲ್ಲಿ ಸಂಜೆ ಗುಡುಗು ಶುರುವಾದರೆ ನಿಮ್ಮ 240 ವೋಲ್ಟ್ ಲೇಬಲ್ ಕಾಪಾಡುತ್ತದಾ?

ಗೋಣಿಕೊಪ್ಪ_ಗೇಮರ್: ನಿಮ್ಮ ಯುಪಿಎಸ್ ಕಾಪಾಡುತ್ತದಾ? ಪಕ್ಕದಲ್ಲೇ ಬಿದ್ದರೆ ಅದೂ ಹೋಗುತ್ತದೆ. ಸಿಡಿಲಿಗೆ ಮದ್ದು ಒಂದೇ, ಪ್ಲಗ್ ಕಿತ್ತಿಡೋದು. ಮೋಡ ಕಟ್ಟಿದಾಗ ಎಲ್ಲರೂ ಟಿವಿಗೆ ಮಾಡೋದು ಅದೇ ತಾನೇ? ಇಂಟರ್ನೆಟ್ ಕೇಬಲ್ ಕೂಡ ಕೀಳಿ, ಎಷ್ಟೋ ಮದರ್‌ಬೋರ್ಡ್ ಸತ್ತಿರೋದು ಆ ತಾಮ್ರದ ವೈರಿಂದ.

ನಾಪೋಕ್ಲು_ಹುಡುಗ: ನಮ್ಮ ಮನೇಲಿ ಇನ್ವರ್ಟರ್ ಇದೆ, ಆದರೆ ಯಾವ ವೇವ್ ಅಂತ ಗೊತ್ತಿಲ್ಲ. ಅದು ಬಿಡಿ, ಮಳೆಗಾಲದಲ್ಲಿ ತೇವಕ್ಕೆ ಪಿಸಿಗೆ ಏನಾದರೂ ಆಗುತ್ತಾ? ನಮ್ಮಲ್ಲಿ ಬೀರು ಒಳಗಿನ ಬೆಲ್ಟಿಗೂ ಫಂಗಸ್ ಬರುತ್ತದೆ.

ತೋಟದಮನೆ: ದಿನಾ ಆನ್ ಮಾಡುತ್ತಿದ್ದರೆ ಏನೂ ಆಗಲ್ಲ, ಒಳಗಿನ ಬಿಸಿಗೇ ಒಣಗಿರುತ್ತದೆ. ತಿಂಗಳುಗಟ್ಟಲೆ ಆಫ್ ಮಾಡಿ ಮೂಲೇಲಿ ಇಟ್ಟರೆ ತೊಂದರೆ. ನೆಲದ ಮೇಲೆ, ಗೋಡೆಗೆ ತಾಗಿಸಿ ಇಡಬೇಡಿ.

ವೋಲ್ಟೇಜ್_ಮಾವ: "ದಿನಾ ಆನ್ ಮಾಡುತ್ತಿದ್ದರೆ". ದಿನಾ ಕರೆಂಟ್ ಇರಬೇಕಲ್ಲ! ಅದಕ್ಕೇ ಹೇಳಿದ್ದು ಯುಪಿಎಸ್ ಅಂತ.

ಗೋಣಿಕೊಪ್ಪ_ಗೇಮರ್: ಇಡೀ ದಿನ ಕರೆಂಟ್ ಹೋದರೆ ನಿಮ್ಮ ಐದು ನಿಮಿಷದ ಯುಪಿಎಸ್‌ನಲ್ಲಿ ಪಿಸಿ ಒಣಗಿಸುತ್ತೀರಾ? ಸಾಕು ಮಾವ, ಮಲಗಿ.

ವೋಲ್ಟೇಜ್_ಮಾವ: ಮಾವ ಗೀವ ಅನ್ನೋದು ಬೇಡ. ಮರ್ಯಾದೆ ಕೊಟ್ಟು ಮಾತಾಡು.

ಗೋಣಿಕೊಪ್ಪ_ಗೇಮರ್: ಹೆಸರು ಇಟ್ಟುಕೊಂಡಿದ್ದು ನೀವೇ ಅಲ್ವಾ?

ನಾಪೋಕ್ಲು_ಹುಡುಗ: ಸರಿ, ಕೊನೆಗೆ ಇದು ಮಾಡೋಣ ಅಂತಿದ್ದೇನೆ: 5600, ಬಿ450 ಬೋರ್ಡ್, ಆರ್‌ಎಕ್ಸ್ 6600, 8 ಜಿಬಿ ಎರಡು ಸ್ಟಿಕ್, 500 ಜಿಬಿ ಎಸ್‌ಎಸ್‌ಡಿ, 550 ವ್ಯಾಟ್ ಎಸ್‌ಎಂಪಿಎಸ್. ದುಡ್ಡು ಉಳಿದರೆ ಯುಪಿಎಸ್. ಏನಾದರೂ ತಪ್ಪಿದೆಯಾ?

ಎಸ್‌ಪಿರೋಡ್_ಗಿರಾಕಿ: ನಾನು ಮೊದಲೇ ಹೇಳಿದ್ದೇ ಅದು. ಒಂದು ವಿಷಯ, ಬಿ450 ಹಳೇ ಸ್ಟಾಕ್ ಆದರೆ 5600 ಹಾಕಿದ ತಕ್ಷಣ ಆನ್ ಆಗಲ್ಲ. ಬಯಾಸ್ (ಬೋರ್ಡಿನೊಳಗಿನ ಸ್ಟಾರ್ಟಪ್ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಬೇಕು. ಅಂಗಡಿಯಲ್ಲೇ ಮಾಡಿಸಿಕೊಂಡು ಬನ್ನಿ, ಇಲ್ಲಾ ಬಿ550 ತಗೊಳ್ಳಿ.

ವೋಲ್ಟೇಜ್_ಮಾವ: ಬಯಾಸ್ ಅಪ್‌ಡೇಟ್ ಅರ್ಧಕ್ಕೆ ಬಂದಾಗ ಕರೆಂಟ್ ಹೋದರೆ?

ಗೋಣಿಕೊಪ್ಪ_ಗೇಮರ್: "ಅಂಗಡಿಯಲ್ಲೇ" ಅಂತ ಬರೆದಿದ್ದಾರೆ, ಓದಿ.

ವೋಲ್ಟೇಜ್_ಮಾವ: ಅಂಗಡಿಯಲ್ಲಿ ಯುಪಿಎಸ್ ಇರುತ್ತದೆ. ಯಾಕೆ ಇಟ್ಟಿರುತ್ತಾರೆ ಅಂತ ಕೇಳಿಕೊಂಡು ಬಾ.